ಗಾಳಿಯ ಮೇಲೆ ನಿಂತ ಮೇಜು

ವಾಲ್ದಿವಿಯಾದಲ್ಲಿ, ನದಿಯಿಂದ ನಾಲ್ಕು ಬೀದಿ ಒಳಗೆ,
ಜೀವಶಾಸ್ತ್ರ ಭವನದ ನೆಲಮಾಳಿಗೆ.
ಕಿಟಕಿ ಇಲ್ಲ. ಕರಿ ಪರದೆ, ಕರಿ ಗೋಡೆ,
ಬಾಗಿಲ ಮೇಲೆ ಕೆಂಪು ದೀಪ: ಒಳಗೆ ಯಾರೋ ನೋಡುತ್ತಿದ್ದಾರೆ.
ಬೆಳಕಿನ ಸೂಕ್ಷ್ಮದರ್ಶಕಗಳನ್ನು
ಇಷ್ಟು ಕತ್ತಲಲ್ಲಿ ಸಾಕುತ್ತೀಯಲ್ಲ ಒರಿಯಾನಾ, ಎಂದು
ನೆಲ ಒರೆಸುವ ಫ್ರೆಸಿಯಾ ನಗುತ್ತಾಳೆ.
ಸಾಕುವುದು. ಸರಿಯಾದ ಮಾತು.
ಹದಿನಾರು ವರ್ಷದಿಂದ ಸಾಕಿದ್ದೇನೆ.

ಐದು ಯಂತ್ರ, ಮೂವತ್ತೆರಡು ಪ್ರಯೋಗಾಲಯ,
ಗಂಟೆಯ ಲೆಕ್ಕದಲ್ಲಿ ಹಂಚಿಕೊಂಡ ಕಣ್ಣು.
ಬೆಳಿಗ್ಗೆ ಕೊಯ್ಗುವೆ ಮರದ ಬೇರಿನ ಶಿಲೀಂಧ್ರದವರು,
ಹನ್ನೊಂದಕ್ಕೆ ಇಲಿಯ ಮೆದುಳು,
ಆಮೇಲೆ ಸಾಲ್ಮನ್ ಕಿವಿರಿನ ರೋಗದವರು, ಯಾವಾಗಲೂ ತಡ.
ರಾತ್ರಿ ದರ ಅರ್ಧ;
ದುಡ್ಡಿಲ್ಲದವರು ರಾತ್ರಿ ಬರುತ್ತಾರೆ.

ಮಾರ್ಚಿಯಲ್ಲಿ ಇಪ್ಪತ್ತು ಪಟ್ಟಿನ ಒಣ ಮಸೂರಕ್ಕೆ
ಯಾರೋ ಎಣ್ಣೆ ಮೆತ್ತಿ ಹೋಗಿದ್ದರು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ,
ಇಲ್ಲಿ ಎಣ್ಣೆ ಬಂದೇ ಕಣ್ಣು ಮುಚ್ಚಿದ್ದು.
ದಾಖಲೆ ಪುಸ್ತಕದಲ್ಲಿ ಎಲ್ಲರ ರುಜು,
ಎಲ್ಲರ ಕೈಬರಹದಲ್ಲೂ ಒಂದೇ ಸಾಲು: ಎಲ್ಲ ಸರಿ ಇದೆ.
ಬೈಯಲಿಲ್ಲ. ಕಾಗದ ಮಡಚಿ, ಒಂದು ಹನಿ ದ್ರಾವಕ,
ಒಮ್ಮೆ ಎಳೆದು ಬಿಸಾಕಿ, ಮತ್ತೆ ಹೊಸದು.
ಉಜ್ಜಬಾರದು; ಮಗುವಿನ ಕಣ್ಣಿನ ಪಿಸುರು ತೆಗೆದ ಹಾಗೆ.
ನಲವತ್ತು ಕಾಗದ ಹಿಡಿಯಿತು.
ಆಮೇಲೆ ಬೈದೆ.

ಹೊಸಬರಿಗೆ ಮೊದಲು ಹೇಳುವುದು:
ನೋಡಿದಷ್ಟೂ ಅಳಿಯುತ್ತದೆ.
ಆ ಹಸಿರು ಹೊಳಪು ಗಂಟಿನಿಂದ ಬಿಚ್ಚಿದ ಖರ್ಚು,
ಕೂತು ನೋಡಿದರೆ ಕುಡಿಕೆ ಬೆಳಕೂ ಸಾಲದು.
ಬೇಕಾದಷ್ಟೇ ಲೇಸರು, ಬೇಕಾದಷ್ಟೇ ಹೊತ್ತು,
ಚೆಂದ ಕಂಡಿತೆಂದು ಕಣ್ಣು ನೆಟ್ಟು ಕೂರಬೇಡಿ.
ಈ ಮಾತನ್ನು ನಾನೇ ಎಷ್ಟೋ ಸಲ ಮೀರಿದ್ದೇನೆ.

ಜೂನ್‌ನ ಆ ರಾತ್ರಿ ಮಿಯಾರಾಯಳ ಪಾಳಿ.
ಕಡಲ ಕಡೆಯವಳು; ಅವಳಪ್ಪ ಬಂಡೆಗೆ ಅಂಟಿದ ಪಾಚಿ ಕೊಯ್ದು,
ಒಣಗಿಸಿ, ಕಟ್ಟು ಕಟ್ಟಿ ಮಾರುವವನು.
ತಟ್ಟೆಯಲ್ಲಿ ಜೀಬ್ರಾಮೀನಿನ ಭ್ರೂಣ, ಹುಟ್ಟಿ ಒಂದು ದಿನವೂ ಆಗಿಲ್ಲ,
ಹೃದಯ ಇನ್ನೂ ಹೃದಯವಲ್ಲ, ಬರೀ ನಳಿಕೆ.
ಮೊದಲ ಬಡಿತ ಹಿಡಿಯಬೇಕು.
ಐದು ರಾತ್ರಿ ತಪ್ಪಿತ್ತು: ಒಮ್ಮೆ ಮೀನು ಮಗ್ಗುಲು ತಿರುಗಿತು,
ಒಮ್ಮೆ ಇವಳೇ ತೂಕಡಿಸಿದ್ದಳು.

ಎರಡೂ ಹತ್ತಕ್ಕೆ ನೆಲ ಕದಲಿತು.
ದೊಡ್ಡದೇನಲ್ಲ. ಅರವತ್ತರದ್ದನ್ನು ಕಂಡ ನನ್ನಜ್ಜಿ
ಆಮೇಲಿನವಕ್ಕೆಲ್ಲ ಇಟ್ಟ ಹೆಸರು ಆಕಳಿಕೆ.
ನಮ್ಮ ಮೇಜು ಗಾಳಿಯ ಮೇಲೆ ನಿಂತದ್ದು,
ನಾಲ್ಕು ಕಾಲಲ್ಲೂ ಒತ್ತಿ ತುಂಬಿದ ಗಾಳಿ.
ಬೀದಿಯ ಲಾರಿ, ಲಿಫ್ಟಿನ ಕುಲುಕು,
ಫ್ರೆಸಿಯಾ ದಡಾರನೆ ಇಡುವ ಬಕೆಟ್ಟು,
ಎಲ್ಲವನ್ನೂ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ.
ಇದನ್ನು ನುಂಗಲಾಗಲಿಲ್ಲ.

ತೆರೆಯ ಮೇಲೆ ಮೀನು ಚಿಮ್ಮಿತು, ಅಂಚಿಗೆ ಹೋಗಿ ಮರಳಿತು.
ಹನ್ನೊಂದು ಸೆಕೆಂಡು ಬರೀ ಹಸಿರು ಗೀರು.
ಚಿತ್ರ ನಿಂತಾಗ
ನಳಿಕೆ ಬಡಿಯುತ್ತಿತ್ತು.

ಬೆಳಿಗ್ಗೆ ಪ್ರೊಫೆಸರ್ ಗಾಯೆಗಿಯೋಸ್ ನೋಡಿ,
ಆ ತುಂಡು ಕತ್ತರಿಸು, ಉಪಯೋಗವಿಲ್ಲ, ಎಂದರು.
ಅವರು ಹೇಳಿದ್ದು ಸರಿಯೇ.
ಅವರು ಹೋದ ಮೇಲೆ ನಾವಿಬ್ಬರು ಅದನ್ನೇ ಹಾಕಿ ಕೂತೆವು,
ಒಮ್ಮೆ, ಇನ್ನೊಮ್ಮೆ, ಆರನೆಯ ಸಲ.
ಹಿಡಿದಿಟ್ಟದ್ದಲ್ಲವೇ, ನೋಡಿದರೆ ಸವೆಯುವುದಿಲ್ಲ.
ಈ ಗೀರುಗಳಲ್ಲಿ ಯಾವುದು ನೆಲದ್ದು, ಯಾವುದು ಮೀನಿನದ್ದು?
ಬೆರಳಿಟ್ಟು ತೋರಿಸಲು ಹೋಗಿ ಅವಳು
ಬೆರಳನ್ನು ಹಾಗೇ ಹಿಂದಕ್ಕೆ ತೆಗೆದಳು.

ಎಂಟೂವರೆಗೆ ಬಾಗಿಲು ತಟ್ಟಿದರು, ಶಿಲೀಂಧ್ರದವರು.
ಮಿಯಾರಾಯ್ ತಟ್ಟೆ ಎತ್ತಿಕೊಂಡು ಹೊರಟಳು.
ನಾನು ಮೇಜಿನ ಗಾಳಿಯ ಒತ್ತಡ ನೋಡಿದೆ, ದಾಖಲೆ ತೆರೆದೆ.
ದೋಷ ಎಂಬ ಕಲಮಿನಲ್ಲಿ ಅವಳ ಪುಟ್ಟ ಅಕ್ಷರ:
ಎರಡೂ ಹತ್ತು, ನೆಲ. ಎಣ್ಣೆ ಒರೆಸಿದ್ದೇನೆ.