ಕ್ಲೀನರ್

ಹನ್ನೊಂದು ವರ್ಷ ಊರೆಲ್ಲ ನನ್ನ ಕರೆದದ್ದು ಕ್ಲೀನರ್ ಅಂತ.
ಬಾಗಿಲಿಗೆ ಜೋತುಬಿದ್ದು
ಕರ್ಕಿ ಹಳದೀಪುರ ಧಾರೇಶ್ವರ ಹಂದಿಗೋಣ ಕುಮಟಾ ಕುಮಟಾ
ಎಂದು ಗಂಟಲು ಹರಿದುಕೊಂಡದ್ದು ಬಿಟ್ಟರೆ
ಆ ಟೆಂಪೋದಲ್ಲಿ ನಾನು ತೊಳೆದದ್ದೇನೂ ಇಲ್ಲ.
ಎದುರಿನ ಗಾಜಿಗೊಂದು ಒದ್ದೆ ಬಟ್ಟೆ,
ಪಟಕ್ಕೊಂದು ಅಬ್ಬಲಿಗೆ ದಂಡೆ. ಮುಗೀತು.

ಈಗ ಟೆಂಪೋ ನನ್ನದು.
ಜಟ್ಟಪ್ಪ ಪಟಗಾರ ಹೋದಮೇಲೆ ಮೂರು ವರ್ಷ
ಐಸ್ ಫ್ಯಾಕ್ಟರಿಯ ಹಿಂದೆ ಕಾಗೆಗಳಿಗೆ ಬಿಟ್ಟುಕೊಟ್ಟಂತೆ ನಿಂತಿತ್ತು;
ಶೇವಂತಕ್ಕ ಗುಜರಿಗಿಂತ ಎರಡು ಸಾವಿರ ಹೆಚ್ಚಿಗೆ ಕೇಳಿದಳು, ಕೊಟ್ಟೆ.
ಸೋಮವಾರ ಪಾಸಿಂಗು.

ಬಾನೆಟ್ ಎತ್ತಿದರೆ ಒಳಗೆ ಇಂಜಿನ್ನಿಲ್ಲ,
ಒಂದು ಕರಿ ಹುತ್ತ.

"ಕಾದಿದ್ದಾಗ ನೀರು ಸುರೀಬೇಡ, ಹೆಡ್ಡು ಸೀಳ್ತದೆ,"
ಅಂದ ಬಸ್ತ್ಯಾಂವ ಮೇಸ್ತ್ರಿ,
ಬೀಡಿಯನ್ನು ಸೀಮೆಎಣ್ಣೆಯಿಂದ ಮಾರು ದೂರ ಹಿಡಿದುಕೊಂಡು.
"ಡೈನಮೋಕ್ಕೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟು.
ಗಾಳಿ ಎಳೆಯೋ ಬಾಯಿಗೆ ಬಟ್ಟೆ ತುರುಕು.
ಮೊದಲು ಕೆರಿ. ಆಮೇಲೆ ಸೀಮೆಎಣ್ಣೆ ಕುಡಿಸಿಬಿಡು, ಊಟ ಮಾಡ್ಕಂಡು ಬಾ.
ಅವಸರ ಮಾಡಿದರೆ ಬಣ್ಣ ಬರ್ತದೆ, ಜಿಡ್ಡು ಬರೂದಿಲ್ಲ."

ಕೆರೆದೆ.
ಮೇಲಿನ ಪದರ ಹೆದ್ದಾರಿ ಅಗಲ ಮಾಡಿದ ವರ್ಷಗಳ ಕೆಂಪು ಧೂಳು,
ಬೆಲ್ಲದ ಹಾಗೆ ಹೆಂಟೆ ಹೆಂಟೆಯಾಗಿ ಎದ್ದು ಬಂತು.
ಅದರಡಿ, ಅಂಕೋಲೆಗೆ ಟ್ರಿಪ್ ಹೊಡೆಯುತ್ತಿದ್ದಾಗ
ಅದಿರಿನ ಲಾರಿಗಳ ಬೆನ್ನಿಗೆ ಬಿದ್ದು ನುಂಗಿದ್ದು:
ಬೆರಳಿಗೆ ಹತ್ತಿದರೆ ಈಗಲೂ ಮಿಣ್ಣಗೆ ಹೊಳೆಯುತ್ತದೆ.
ಇನ್ನೂ ಕೆಳಗೆ ಬಂಗಡೆ ಬುಟ್ಟಿಗಳು ಸೋರಿದ ನೀರು,
ಎಣ್ಣೆಯ ಜತೆ ಸಂಸಾರ ಮಾಡಿ ಮೇಣವಾಗಿತ್ತು.
ಕೈಗಿಂತ ಮೊದಲು ಮೂಗಿಗೆ ಅದರ ಗುರುತು ಹತ್ತಿತು.

ಚಾಕು ಹೋಗದ ಸಂದಿಗೆ ಬಳಚಿನ ಚಿಪ್ಪು ಹಾಕಿ ಮೀಟಿದೆ.
ಠಣ್ ಅಂದಿತು.
ಎಂಟಾಣೆ.

ಧಾರೇಶ್ವರದಲ್ಲಿ ಹತ್ತಿದ ಬಳಚಿನ ಮುದುಕಿ
ಬಾನೆಟ್ಟಿನ ಮೇಲೆ ಕೂತು ಹೇಳಿದ್ದಳು:
ಕೊಟ್ಟೆ ತಮಾ, ನಿನ್ನ ಕೈಗೇ ಚಾಚಿದೆ, ಉದುರಿಹೋಯ್ತು ಒಳಗೆ.
ಕಟ್ಟುಕತೆ ಬೇಡ ಅಂದಿದ್ದೆ.
ಹಂದಿಗೋಣದಲ್ಲಿ ಇಳಿಸಿದ್ದೆ, ಬುಟ್ಟಿ ಸಮೇತ, ನಡುಮಧ್ಯಾಹ್ನ.
ಎಲ್ಲರೂ ಕಿಟಕಿಯಾಚೆ ನೋಡಿದರು, ಜಟ್ಟಪ್ಪ ಹಾರ್ನ್ ಒತ್ತಿದ.

ಇದು ಅದೇ ನಾಣ್ಯ ಆಗಬೇಕೆಂದೇನಿಲ್ಲ.
ಆ ಬಾನೆಟ್ಟಿನ ಮೇಲೆ ದಿನಕ್ಕೆ ಅರವತ್ತು ಜನ ಕೂತಿದ್ದಾರೆ,
ಎಷ್ಟು ಜನರ ಸೊಂಟದ ಚೀಲ ಹರಿದಿತ್ತೋ.
ಸೀಮೆಎಣ್ಣೆಯಲ್ಲಿ ತಿಕ್ಕಿದೆ. ಇಸವಿ ಕಂಡಿತು,
ನಾನು ಕೆಲಸಕ್ಕೆ ಸೇರಿದ್ದಕ್ಕಿಂತ ಎರಡು ವರ್ಷ ಹಿಂದಿನದು.
ಅದರಿಂದ ಏನೂ ಸಾಬೀತಾಗುವುದಿಲ್ಲ.

ಸಂಜೆ, ಸೋಡಾ ನೀರಿನ ಕೊನೆಯ ಚೆಂಬು ಹೊಯ್ದಾಗ
ಇಂಜಿನ್ನಿಗೂ ಒಂದು ಬಣ್ಣವಿದೆ ಎಂದು ಗೊತ್ತಾಯಿತು. ತಿಳಿ ಹಸಿರು.
ಎರಕದಲ್ಲಿ ಕೂತ ಅಂಕಿಗಳು, ಯಾರೋ ಹಾಕಿದ ಬೆಸುಗೆಯ ಒರಟು ಹೊಲಿಗೆ.
ಒಣಗಿಸಿ, ಕೊಟ್ಟೆ ಬಿಚ್ಚಿ, ಸೆಲ್ಫ್ ಹೊಡೆದೆವು.
ನಾಲ್ಕನೆಯದಕ್ಕೆ ಹತ್ತಿತು.

ಹತ್ತಿದ್ದೇ ಸೋರತೊಡಗಿತು,
ಎಣ್ಣೆ ಪೈಪಿನ ಕ್ಲಿಪ್ಪಿನಡಿಯಿಂದ
ಎಳ್ಳಷ್ಟು, ಮತ್ತೆ ಎಳ್ಳಷ್ಟು.

ಜಿಡ್ಡೇ ಹಿಡಿದಿಟ್ಟಿತ್ತು ಮಾರಾಯ ಇಷ್ಟು ವರ್ಷ,
ಸುಮ್ಮನಿದ್ದಿದ್ದರೆ ಆಗ್ತಿತ್ತು, ಅಂದೆ.
ಬಸ್ತ್ಯಾಂವ ನಗಲಿಲ್ಲ. "ಮೊದಲೂ ಸೋರ್ತಿತ್ತು.
ಎಲ್ಲಿ ಅಂತ ಈಗ ಕಾಣ್ತದೆ." ಕೈ ಚಾಚಿದ, ಸ್ಕ್ರೂಡ್ರೈವರಿಗೆ.
ನನ್ನ ಕೈಗೆ ಸಿಕ್ಕಿದ್ದು ಎಂಟಾಣೆ.
ಅದನ್ನೇ ಗೀರಿಗೆ ಕೂರಿಸಿ ಅರ್ಧ ಸುತ್ತು, ಇನ್ನೊಂದು ಕಾಲು.
ಸೋರುವುದು ನಿಲ್ಲಲಿಲ್ಲ, ನಿಧಾನವಾಯಿತು.

ಕೆರೆದ ಕಪ್ಪನ್ನೆಲ್ಲ ಡಬ್ಬಿಗೆ ತುಂಬಿಟ್ಟಿದ್ದೆ.
ಗೆದ್ದಲಿಗೆ ಒಳ್ಳೇದು, ಬೇಲಿ ಗೂಟಕ್ಕೆ ಬಳೀತೆ ಎಂದು
ಪಕ್ಕದ ಬುದ್ಯಾ ಹರಿಕಂತ್ರ ಹೊತ್ತುಕೊಂಡು ಹೋದ.
ನಾಣ್ಯ ಬಸ್ತ್ಯಾಂವನ ಅಂಗಿ ಕಿಸೆಯಲ್ಲೇ ಉಳಿಯಿತು.
ಕೇಳಬೇಕು.

"ನಾಳೆ ಟ್ರಯಲ್ಲಿಗೆ ಧಾರೇಶ್ವರದ ತನಕ ಹೋಗಿ ಬಾ," ಅಂದ,
ಕೈಗೆ ಮರದ ಹೊಟ್ಟು ತಿಕ್ಕಿಕೊಳ್ಳುತ್ತ.
"ಹಂದಿಗೋಣದಲ್ಲಿ ಒಂದು ಗಳಿಗೆ ನಿಲ್ಲಿಸು.
ಇಳಿದು, ಬಗ್ಗಿ ನೋಡು,
ನೆಲದ ಮೇಲೆ ಹನಿ ಬಿದ್ದಿದೆಯೋ ಅಂತ."