ಇತರೆ ವೆಚ್ಚ

ಹಣ ಬಂದದ್ದು ಬುಧವಾರ.
ಒಂದು ಕೋಟಿ ಹದಿನೇಳು ಲಕ್ಷ, ಮೇಲೆ ಚಿಲ್ಲರೆ.
ನೋವಿನ ಮಾತ್ರೆಯನ್ನು ಕಡ್ಲೆಬೀಜದ ಹಾಗೆ
ಸೇರಿನಲ್ಲಿ ಅಳೆದು ಮಾರಿದ ಕಂಪನಿ
ತಪ್ಪು ಒಪ್ಪದೆ, ರಾಜಿ ಮಾತ್ರ ಒಪ್ಪಿ
ಕೋರ್ಟಿಗೆ ಕಟ್ಟಿದ್ದರಲ್ಲಿ
ಶಿಡ್ಲಘಟ್ಟ ತಾಲ್ಲೂಕಿನ ಪಾಲು.

ನಾನು ದ್ವಿತೀಯ ದರ್ಜೆ ಸಹಾಯಕಿ.
ಎಲ್ಲಿಂದ ಬಂತು ಎಂದು ಕೇಳುವುದು ನನ್ನ ಕೆಲಸವಲ್ಲ,
ಎಲ್ಲಿಗೆ ಹೋಯಿತು ಎಂದು ಬರೆಯುವುದು.
ಹೊಸ ಕಡತಕ್ಕೆ ದಾರ ಕಟ್ಟಿದೆ.
ಮೇಲೆ ಕೆಂಪು ಶಾಯಿ: ಮಾರ್ಚ್ ಮೂವತ್ತೊಂದರೊಳಗೆ.

ಸಭೆ. ಖಾರಾಬೂಂದಿ, ಟೀ.
ಊರ ಬಾಗಿಲಿಗೆ ಕಮಾನು ಎಂದರು ಒಬ್ಬರು,
'ವ್ಯಸನಮುಕ್ತ ಶಿಡ್ಲಘಟ್ಟ', ಎರಡೂ ಕಡೆ ದೀಪ.
ಜೀಪು ಹಳೇದಾಯ್ತು ಎಂದರು ಇನ್ನೊಬ್ಬರು,
ಜಾಗೃತಿಗೆ ಜೀಪು ಬೇಡವೇ?
ಜಾಥಾ, ಟೋಪಿ, ಶಾಲೆಯ ಗೋಡೆ ಮೇಲೆ
ಆಳೆತ್ತರದ ಸಿರಿಂಜಿನ ಚಿತ್ರ,
ಗೊತ್ತಿಲ್ಲದ ಮಕ್ಕಳಿಗೂ ಗೊತ್ತಾಗಲೆಂದು.
ಎಲ್ಲ ಬರೆದುಕೊಂಡೆ. ಪೆನ್ನಿಗೆ ಅಭಿಪ್ರಾಯವಿಲ್ಲ.

ನೊಂದವರ ಕಡೆಯಿಂದ ಒಬ್ಬರಿರಲಿ ಎಂದಿತ್ತು ಕೋರ್ಟು.
ಅದಕ್ಕೇ ಖಮರುನ್ನಿಸಾ, ಬಾಗಿಲ ಪಕ್ಕದ ಕುರ್ಚಿಯಲ್ಲಿ.
ಇಪ್ಪತ್ತಾರು ವರ್ಷ ಕುದಿನೀರಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು
ಹಿತುಕಿದ ಅವರೆಯ ಸಿಪ್ಪೆಯಂತೆ ಬೆಳ್ಳಗೆ ಸುಲಿದಿತ್ತು.
ಹಾಜರಿಗೆ ಸಹಿ ಮಾಡುವಾಗ ಪೆನ್ನು ಎರಡು ಸಲ ಜಾರಿತು.

ಮಾತ್ರೆ ಮೊದಲು ಮನೆಗೆ ಬಂದದ್ದು ಅವಳಿಗೇ.
ಕೈಯುರಿಗೆ. ಮಾರ್ಕೆಟ್ಟಿನ ಹಿಂದಿನ ಅಂಗಡಿಯಿಂದ,
ಡಾಕ್ಟರ ಚೀಟಿ ಇಲ್ಲದೆ.
ಅರ್ಧ ಪಟ್ಟಿ ಡಬ್ಬಿಯಲ್ಲಿ ಉಳಿದಿತ್ತು.
ಮಗ ಇಮ್ದಾದನಿಗೂ ಕೈಯುರಿ.
ಆಮೇಲೆ, ಉರಿ ಇಲ್ಲದ ದಿನವೂ.
ಇದು ನಡಾವಳಿಯಲ್ಲಿಲ್ಲ, ಮೆಟ್ಟಿಲ ಮೇಲೆ ಹೇಳಿದ್ದು.
ಅದೇ ಅಂಗಡಿಯಲ್ಲಿ ಹಲ್ಲುನೋವಿಗೆಂದು
ನಾನೂ ಕೊಂಡಿದ್ದೆ. ಅದೂ ಇಲ್ಲ.

"ನೀವೇನಮ್ಮ ಹೇಳ್ತೀರಿ?"
ಅಧ್ಯಕ್ಷರು ಗಡಿಯಾರ ನೋಡಿ ಕೇಳಿದರು.
"ಬಸ್ ಚಾರ್ಜು, ಸಾರ್.
ವಾರವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು.
ನಂಗೆ ಬಸ್ಸು ಫ್ರೀ, ಹುಡುಗನಿಗಿಲ್ಲ.
ಹೋದ ದಿನ ಇಬ್ಬರ ಕೂಲೀನೂ ಇಲ್ಲ.
ಮೂರು ವಾರ ಹೋದ್ವಿ. ನಾಕನೇ ವಾರ ದುಡ್ಡಿರಲಿಲ್ಲ.
ಅಂಗಡಿ ಹತ್ರ ಇತ್ತು, ಸಾರ್."

ಫ್ಯಾನು ತಿರುಗಿತು.
"ಅದಕ್ಕೆ ಲೆಕ್ಕ ಶೀರ್ಷಿಕೆ ಇಲ್ಲವಲ್ಲ" ಎಂದರು ವೆಂಕಟಶಾಮಿರೆಡ್ಡಿ.
ಕೆಟ್ಟವರಲ್ಲ, ನಿಜಕ್ಕೂ ಪುಟ ಮಗುಚಿ ಹುಡುಕಿದರು.
ಕಮಾನಿಗೆ ಇತ್ತು. ಜೀಪಿಗೆ ಇತ್ತು.

ಕುದಿಯುವ ಗೂಡಿನಲ್ಲಿ ಎಳೆಯ ತುದಿ
ಕಣ್ಣಿಗೆ ಸಿಗುವುದಿಲ್ಲವಂತೆ, ಬೆರಳಿಗೆ ಸಿಗುತ್ತದಂತೆ.
ನಿಯಮಾವಳಿಯ ಕೊನೇ ಪುಟದಲ್ಲಿ ಬೆರಳಿಟ್ಟೆ.
ಕ್ರಮ ಸಂಖ್ಯೆ ಹನ್ನೊಂದು: ಇತರೆ ವೆಚ್ಚ.
ಶೇಕಡಾ ಎರಡು ಮೀರದಂತೆ.
"ಸಾರ್," ಎಂದೆ.
ಹನ್ನೆರಡು ವರ್ಷದ ಸಭೆಗಳಲ್ಲಿ ನನ್ನ ಮೊದಲ ಮಾತು.

ಕಮಾನು ನಿಂತಿದೆ, ಸುಳ್ಳೇಕೆ ಹೇಳಲಿ.
ಒಂದು ಕಡೆಯ ದೀಪ ಆಗಲೇ ಹೋಗಿದೆ.
ಮಂಗಳವಾರ ಐದೂ ಹತ್ತರ ಬಸ್ಸು ಅದರಡಿ ಹಾಯುತ್ತದೆ.
ಒಳಗೆ ಇಮ್ದಾದ್, ದ್ಯಾವಪ್ಪನ ಮೊಮ್ಮಗ,
ಟಿಪ್ಪರ್ ಓಡಿಸುವ ಅಂಬರೀಶ,
ಹೆಸರು ಬರೆಸಲೊಲ್ಲದ ಒಬ್ಬ ಮೇಷ್ಟ್ರು,
ಎಲ್ಲ ಸೇರಿ ಹದಿನಾಲ್ಕು.
ಮಾರನೇ ದಿನ ಟಿಕೆಟ್ಟು ತಂದು ಕೊಡುತ್ತಾರೆ,
ಬೆವರಿಗೆ ಅಕ್ಷರ ಮಾಸಿರುತ್ತದೆ.
ಗುಂಡುಸೂಜಿ ಚುಚ್ಚಿ ಇಡುತ್ತೇನೆ,
ಖಮರುನ್ನಿಸಾಳ ಸೊನ್ನೆ ರೂಪಾಯಿಯದನ್ನೂ.

ಈಗ ಆಡಿಟ್ಟಿನವರ ಕಂಡಿಕೆ ಬಂದಿದೆ.
ಸೊನ್ನೆ ಮೊತ್ತದ ಟಿಕೆಟ್ ಲಗತ್ತಿಸಿದ್ದೇಕೆ?
ಅದೇ ಜನ, ಅದೇ ಊರು, ಪ್ರತಿ ವಾರ. ಏಕೆ?
ಸಮಜಾಯಿಷಿ ನೀಡುವುದು.

ಬರೆಯುತ್ತಿದ್ದೇನೆ.
ಮಾನ್ಯರೇ,
ಹೋದ ತಿಂಗಳು ಒಂದು ವಾರ ಹದಿಮೂರೇ ಟಿಕೆಟ್ಟು ಬಂದವು.
ಯಾರದಿಲ್ಲ ಎಂದು ಎಣಿಸುವ ಧೈರ್ಯ
ಮಧ್ಯಾಹ್ನದವರೆಗೆ ಬರಲಿಲ್ಲ.
ಉಳಿದವರು ಹೋಗುತ್ತಿದ್ದಾರೆ.
ಹೋಗುತ್ತಿದ್ದಾರೆ ಎಂದರೆ ಇದ್ದಾರೆ.

ಆದ್ದರಿಂದ ಸದರಿ ಕಂಡಿಕೆಯನ್ನು
ಕೈಬಿಡಬೇಕಾಗಿ ಕೋರಿದೆ.