ಚಕ್ಕುಬಂದಿ

ಹೆಸರು ತಪ್ಪಿ ಹಾಳಾದ ಛಾಪಾ ಕಾಗದವೊಂದು ಡ್ರಾಯರಿನಲ್ಲಿತ್ತು.
ಅದರ ಬೆನ್ನ ಮೇಲೆ ಬರೆಯುತ್ತಿದ್ದೇನೆ.
ಜನವರಿ ಒಂದು. ಮುಳಬಾಗಿಲು.
ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸರ್ವರ್ ಮಲಗಿದೆ,
ಕೊಡುವವರೂ ಕೊಳ್ಳುವವರೂ ಒಂದೇ ಹೊಂಗೆಯ ನೆರಳಿನಲ್ಲಿ
ಕಡಲೆಕಾಯಿ ಸುಲಿಯುತ್ತ ಅದು ಏಳಲೆಂದು ಕಾಯುತ್ತಿದ್ದಾರೆ.

ನನ್ನ ಬೋರ್ಡಿನ ಮೇಲಿದೆ: ಎನ್. ವಿಮಲಾಕ್ಷಿ, ಪತ್ರ ಬರಹಗಾರರು.
'ಪತ್ರ' ಎಂಬಲ್ಲಿ ಮಳೆ ಬಿದ್ದು ಬಣ್ಣ ಹೋಗಿದೆ.
ಎರಡು ವರ್ಷವಾಯಿತು,
ಮತ್ತೆ ಬರೆಸಿಲ್ಲ.

ಹತ್ತೊಂಬತ್ತು ವರ್ಷ ಬೇರೆಯವರ ಗಡಿ ಬರೆದೆ.
ಪೂರ್ವಕ್ಕೆ ಪಿಳ್ಳಪ್ಪನ ಜಮೀನು, ಪಶ್ಚಿಮಕ್ಕೆ ಗಾಡಿ ದಾರಿ,
ಉತ್ತರಕ್ಕೆ ಕೆರೆ ಕೋಡಿ, ದಕ್ಷಿಣಕ್ಕೆ ಬಂಡೆ.
ಒಂದಂಗುಲ ತಪ್ಪಿದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತದೆ.
ಇಷ್ಟು ಕಟ್ಟುನಿಟ್ಟಿನವಳ ದಿನಕ್ಕೆ ಮಾತ್ರ
ನೆಟ್ಟಗೆ ಒಂದು ಕಲ್ಲಿಲ್ಲ,
ಯಾರು ಬೇಕಾದರೂ ದನ ಅಟ್ಟಿಕೊಂಡು ಹಾಯುತ್ತಾರೆ.
ಅನ್ನ ಬಸಿಯುವಾಗ ಫೋನು: ಅಕ್ಕಾ, ಪಹಣಿಯಲ್ಲಿ ಅಪ್ಪನ ಹೆಸರೇ ಬೇರೆ.
ರಾತ್ರಿ ಹತ್ತಕ್ಕೆ ಬಾಗಿಲು: ಬೆಳಿಗ್ಗೆಯೇ ಒಳ್ಳೇ ಗಳಿಗೆಯಂತೆ, ಈಗಲೇ ಆಗಬೇಕು.
ನನ್ನ ಕಥೆಯ ಹುಡುಗಿ ಬಾವಿಕಟ್ಟೆಯ ಮೇಲೆ
ಒಂದು ಕಾಲೆತ್ತಿ ನಿಂತಿದ್ದಾಳೆ, ಕಳೆದ ಶ್ರಾವಣದಿಂದ.
ಇಳಿಸಲು ನನಗೆ ಬಿಡುವಾಗಿಲ್ಲ.

ಆದ್ದರಿಂದ
ಸ್ವಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ,
ನನಗೆ ನಾನೇ ಬರೆದುಕೊಟ್ಟ ಕರಾರು ಪತ್ರದ ಕ್ರಮವೇನೆಂದರೆ,

ಷೆಡ್ಯೂಲು ಸ್ವತ್ತು: ಒಂದು ಗಂಟೆ.
ಎಕರೆಗಾದರೆ ನಲವತ್ತು ಗುಂಟೆ, ದಿನಕ್ಕೆ ಇಪ್ಪತ್ನಾಲ್ಕೇ,
ಅದರಲ್ಲಿ ಒಂದು.
ಪೂರ್ವಕ್ಕೆ: ಗುರುಮೂರ್ತಿ ಟೊಮೆಟೊ ಮಂಡಿಗೆ ಹೊರಡುವ ನಾಲ್ಕರ ಜಾವ,
ಅವನ ಗಾಡಿಯ ಕೆಂಪು ದೀಪ ತಿರುವು ದಾಟಿದ ಮೇಲೆ.
ಪಶ್ಚಿಮಕ್ಕೆ: ನೀರು ಬಿಡುವ ಹೊತ್ತು. ನಲ್ಲಿ ಕೆಮ್ಮಿದರೆ ಗಡಿ ಮುಗಿಯಿತು.
ದಕ್ಷಿಣಕ್ಕೆ: ಅತ್ತೆಯ ಸಕ್ಕರೆ ಕಾಯಿಲೆಯ ಸೂಜಿ.
ಉತ್ತರಕ್ಕೆ
ಪೆನ್ನು ನಿಂತಿತು.
ಉತ್ತರ ದಿಕ್ಕಿಗೆ ಮಗಳ ಪ್ರಶ್ನೆಗಳಿವೆ.
ಬೇಲಿ ಎಂದು ಬರೆದೆ, ಹೊಡೆದೆ. ದಾರಿ ಎಂದು ಬರೆದೆ.
(ಷರಾ: ಮೇಲಿನ ಸಾಲಿನಲ್ಲಿ ಒಂದು ಪದ ಹೊಡೆದಿದೆ, ಒಪ್ಪಿದೆ.)

ಆ ಹೊತ್ತಿನಲ್ಲಿ ಫೋನು ರಾಗಿ ಡಬ್ಬದೊಳಗೆ.
ಭಾನುವಾರ ಯಾರ ಕ್ರಯವೂ ಇಲ್ಲ,
ಊಟದ ಹೊತ್ತಿಗೆ ಊಟ,
ಇದನ್ನು ಬರೆದು ನನಗೇ ನಗು ಬಂತು.
ಹೋದ ವರ್ಷವೂ ಬರೆದಿದ್ದೆ.
ಆ ಹಾಳೆಯಲ್ಲಿ ಉಪ್ಪುಖಾರ ಕಟ್ಟಿಕೊಂಡು
ಮಗಳು ಮಾವಿನಕಾಯಿ ತಿನ್ನಲು ಹೋದಳು.

ಪಹಣಿಯಲ್ಲಿ ಖರಾಬು ಎಂದೊಂದು ಕಲಂ ಇದೆ.
ಉಳಲಾಗದ್ದು, ಕಂದಾಯ ಇಲ್ಲದ್ದು, ಲೆಕ್ಕದಿಂದ ಕಳೆದದ್ದು.
ಹುಣಸೆಮರ ಇರುವುದು ಅಲ್ಲೇ. ಹುತ್ತವೂ, ಮುಖ ಸವೆದ ವೀರಗಲ್ಲೂ.
ನನ್ನ ದಿನದಲ್ಲೂ ಇದೆ ಅಂಥದ್ದು:
ಸರ್ವರ್ ಮಲಗಿದ ಹೊತ್ತು,
ಹೆಬ್ಬೆಟ್ಟಿನ ಮಸಿ ಒಣಗುವ ಹೊತ್ತು,
ಅಣ್ಣಂದಿರಿಗೆ ತನ್ನ ಪಾಲು ಬಿಟ್ಟುಕೊಟ್ಟ ಹೆಂಗಸು
ಸಹಿ ಹಾಕಿದ ಮೇಲೂ
ಪೆನ್ನು ಹಿಂದೆ ಕೊಡದೆ ಕೂತ ಹೊತ್ತು.
ನಾನು ಬರೆದದ್ದೆಲ್ಲ ಹುಟ್ಟಿದ್ದು ಅಲ್ಲಿ.
ಮುಂಜಾನೆ ನಾಲ್ಕಕ್ಕೆ ಬೇಲಿ ಕಟ್ಟಿ ಕೂತರೆ
ಅವಳು ಒಳಗೆ ಬರುವುದು ಹೇಗೆ?

ಯೋಚಿಸಿ, ಕೊನೆಗೆ ಸೇರಿಸಿದೆ:
ಎರಡು ಗುಂಟೆ ಖರಾಬು ಒಳಗೊಂಡು.
ಅದರಲ್ಲಿನ ನಿಧಿ, ನಿಕ್ಷೇಪ, ಜಲ, ಪಾಷಾಣ ಸಹಿತ.

ಬಿಕ್ಕಲಂ: ವಿಮಲಾಕ್ಷಿ.
ಸಾಕ್ಷಿಗೆ ಯಾರಿದ್ದಾರೆ?
ಕಡಲೆಕಾಯಿ ತಾತನನ್ನು ಕರೆದೆ.
ಏನು ಎತ್ತ ಎಂದು ಕೇಳದೆ, ಸಿಪ್ಪೆ ಕೊಡವಿ,
ಎಡಗೈ ಹೆಬ್ಬೆಟ್ಟು ಒತ್ತಿದ.
ಒರೆಸಿಕೊಳ್ಳುತ್ತ ಕೇಳಿದ: 'ಎಷ್ಟು ಜಾಗಾನಮ್ಮಾ?'
'ಒಂದು ಗುಂಟೆ, ತಾತಾ. ಮೇಲೆ ಒಂಚೂರು ಖರಾಬು.'
'ನೀರೈತಾ?'

ತೋಡಿ ನೋಡಬೇಕು, ಎನ್ನುವಷ್ಟರಲ್ಲಿ
ಒಳಗಿನಿಂದ ಕೂಗಿದರು, ಸರ್ವರ್ ಎದ್ದಿತಂತೆ.
ನೆರಳೆಲ್ಲ ಒಮ್ಮೆಗೇ ಎದ್ದು ನಿಂತಿತು.